ಮಾರ್ಟಿನ್ ಲೂಥರನೂ ದೇವರ ನೀತಿಯೆಂಬ ಮಾತೂ

ಸತ್ಯವೇದದ ಕೆಲವು ವಚನಗಳು ನಮಗೆ ಎಷ್ಟು ಪರಿಚಿತವಾಗಿವೆಯೆಂದರೆ, ಉಪದೇಶಿಯು ಮೊದಲನೆಯ ಪದವನ್ನು ಹೇಳುವಷ್ಟರಲ್ಲಿ ಉಳಿದದ್ದು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಬಾಯಿಪಾಠವಾದದ್ದೆಲ್ಲಾ ಹೃದಯಕ್ಕೆ ಇಳಿದಿದೆಯೆಂದು ನಾವು ತಿಳುಕೊಳ್ಳುತ್ತೇವೆ. ಆದರೆ ಚೆನ್ನಾಗಿ ಬಲ್ಲ ಒಂದೇ ವಚನವು ಒಬ್ಬ ಮನುಷ್ಯನನ್ನು ಅನೇಕ ವರುಷ ಹೆದರಿಸಿ, ಕಡೆಗೆ ಅದೇ ವಚನವು ಅವನಿಗೆ ಪರದೈಸಿನ ಬಾಗಿಲಾಯಿತು. ಆ ಮನುಷ್ಯನು ಮಾರ್ಟಿನ್ ಲೂಥರನು. ಅವನ ಚರಿತ್ರೆಯಲ್ಲಿ ರಾಜರ ಮತ್ತು ಪೋಪರ ಸಂಗತಿಗಳು ಬಹಳ ಉಂಟು. ನಾವಾದರೋ ಇಲ್ಲಿ ಮುಖ್ಯವಾಗಿ ಅವನು ದೇವರ ವಾಕ್ಯವನ್ನು ಓದಿದ ಬಗೆಯನ್ನು ಹೇಳುವೆವು.

ಲೂಥರನು 1483ನೆಯ ಇಸವಿ ನವೆಂಬರ್ 10ರಂದು ಜರ್ಮನಿ ದೇಶದ ಐಸ್ಲೆಬೆನ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯಾದ ಹಾನ್ಸ್ ರೈತರ ಮನೆತನದಲ್ಲಿ ಹುಟ್ಟಿ ತಾಮ್ರದ ಗಣಿಯ ಕೆಲಸದಿಂದ ಮೇಲೆ ಬಂದವನು. ಮಗನು ನ್ಯಾಯಶಾಸ್ತ್ರವನ್ನು ಕಲಿತು ಮನೆಗೆ ಆಧಾರವಾಗಬೇಕೆಂಬದು ಅವನ ಆಶೆ. ಮಗನು 1505ರಲ್ಲಿ ಎರ್ಫುರ್ಟ್ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪದವಿಯನ್ನು ಹೊಂದಿದನು. ಅದೇ ವರುಷ ಜುಲೈ 2ರಂದು ದಾರಿಯಲ್ಲಿ ಬರುತ್ತಿರುವಾಗ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿ ಸಿಡಿಲು ಅವನ ಸಮೀಪದಲ್ಲಿಯೇ ಬಡಿಯಿತು. ಅವನು ಪ್ರಾಣಭಯದಿಂದ ಸಂತ ಅನ್ನಳನ್ನು ಕೂಗಿ, ತಾನು ಸನ್ಯಾಸಿಯಾಗುವೆನೆಂದು ಹರಕೆಮಾಡಿದನು. ಎರಡು ವಾರಗಳ ತರುವಾಯ ತಂದೆಯ ಕೋಪವನ್ನೂ ಲಕ್ಷಿಸದೆ ಅಗಸ್ಟಿನಿಯನ್ನರ ಮಠವನ್ನು ಸೇರಿದನು.

ಮಠದಲ್ಲಿ ಅವನು ಮಾಡದ ಉಪವಾಸವಿಲ್ಲ, ಜಾಗರಣೆಯಿಲ್ಲ. ಚಳಿಗಾಲದಲ್ಲಿಯೂ ಹೊದಿಕೆಯನ್ನು ಬಿಟ್ಟು ಶರೀರವನ್ನು ದಂಡಿಸಿದನು. ಚಿಕ್ಕ ಚಿಕ್ಕ ತಪ್ಪುಗಳನ್ನೂ ಹುಡುಕಿ ಹುಡುಕಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುವನು. ಎದ್ದು ಹೋದ ಮೇಲೆ ಮತ್ತೊಂದು ಪಾಪವು ನೆನಪಿಗೆ ಬಂದು ಮನಸ್ಸನ್ನು ಕೊರೆಯುವದು. ದಿನದಲ್ಲಿ ಹಲವು ಸಾರಿ ಸನ್ಯಾಸಿಗಳೆಲ್ಲರೂ ಕೂಡಿ ಕೀರ್ತನೆಗಳನ್ನು ಹಾಡುತ್ತಿದ್ದದರಿಂದ ಅವು ಅವನಿಗೆ ಕಂಠಪಾಠವಾಗಿದ್ದವು. ಆದರೂ ಆ ಹಾಡುಗಳಲ್ಲಿ ಅವನಿಗೆ ಸಮಾಧಾನವಿರಲಿಲ್ಲ.

ಕಾರಣವೇನಂದರೆ, ದೇವರ ನೀತಿಯೆಂಬ ಎರಡು ಪದಗಳು. ನೀತಿವಂತನಾದ ದೇವರು ನ್ಯಾಯಾಸನದಲ್ಲಿ ಕೂತುಕೊಂಡು ಪಾಪಿಗೆ ತಕ್ಕ ಕೂಲಿಯನ್ನು ತೀರಿಸುವದೇ ಆ ಮಾತಿನ ಅರ್ಥವೆಂದು ಅವನಿಗೆ ಗುರುಗಳು ಕಲಿಸಿದ್ದರು. 31ನೆಯ ಕೀರ್ತನೆಯಲ್ಲಿ ದಾವೀದನು ದೇವರ ನೀತಿಯಿಂದಲೇ ರಕ್ಷಣೆಯನ್ನು ಬೇಡುತ್ತಾನೆ. ಶಿಕ್ಷಿಸುವ ನೀತಿಯು ರಕ್ಷಿಸುವದು ಹೇಗೆ? ಇದು ಅವನಿಗೆ ತಿಳಿಯಲಿಲ್ಲ. ರೋಮಾಪುರದವರ ಪತ್ರಿಕೆಯ 1ನೆಯ ಅಧ್ಯಾಯದ 17ನೆಯ ವಚನವಂತೂ ಇನ್ನೂ ಭಯಂಕರವಾಗಿ ಕಂಡಿತು. ಅಲ್ಲಿ ಪೌಲನು ದೇವರ ನೀತಿಯು ಸುವಾರ್ತೆಯಲ್ಲಿ ಪ್ರಕಟವಾಗುತ್ತದೆಂದು ಬರೆದಿದ್ದಾನೆ. ಧರ್ಮಶಾಸ್ತ್ರವು ಖಂಡಿಸಿದ್ದು ಸಾಲದೆ, ಶುಭವರ್ತಮಾನವೂ ಖಂಡಿಸುವದಾದರೆ ಪಾಪಿಯು ಎಲ್ಲಿಗೆ ಓಡಬೇಕು? ಅಂಥ ದೇವರನ್ನು ತಾನು ಪ್ರೀತಿಸದೆ ಒಳಗೊಳಗೆ ದ್ವೇಷಿಸಿದೆನೆಂದು ಲೂಥರನು ಮುಪ್ಪಿನಲ್ಲಿ ಮರೆಮಾಡದೆ ಬರೆದನು.

ಅವನ ಮಠಗಳ ಮೇಲಧಿಕಾರಿಯಾದ ಸ್ಟೌಪಿಟ್ಸ್ ಎಂಬ ದಯಾವಂತನು ಅವನಿಗೆ ಕ್ರಿಸ್ತನ ಗಾಯಗಳನ್ನು ನೋಡಲು ಕಲಿಸಿ, ಸತ್ಯವೇದದ ಬೋಧಕನಾಗುವಂತೆ ಒತ್ತಾಯಪಡಿಸಿದನು. ಹೀಗೆ 1512ರಲ್ಲಿ ಲೂಥರನು ದೈವಶಾಸ್ತ್ರದ ಡಾಕ್ಟರನಾಗಿ ವಿಟೆನ್‌ಬರ್ಗ್ ಪಟ್ಟಣದಲ್ಲಿ ಉಪಾಧ್ಯಾಯನಾದನು. 1513ರಲ್ಲಿ ಕೀರ್ತನೆಗಳನ್ನು ಕಲಿಸತೊಡಗಿದಾಗ, ಸಾಲುಗಳ ನಡುವೆಯೂ ಅಂಚುಗಳಲ್ಲಿಯೂ ಬಹಳ ಸ್ಥಳ ಬಿಟ್ಟು ಮೂಲವಚನಗಳನ್ನು ಅಚ್ಚುಹಾಕಿಸಿ, ವಿದ್ಯಾರ್ಥಿಗಳು ಅರ್ಥವನ್ನು ಅಲ್ಲಿಯೇ ಬರೆದುಕೊಳ್ಳುವಂತೆ ಮಾಡಿದನು. 1515ರಲ್ಲಿ ರೋಮಾಪುರದವರ ಪತ್ರಿಕೆ, 1516ರಲ್ಲಿ ಗಲಾತ್ಯದವರ ಪತ್ರಿಕೆ, 1517ರಲ್ಲಿ ಇಬ್ರಿಯರ ಪತ್ರಿಕೆ, ಹೀಗೆ ಒಂದೊಂದಾಗಿ ಕಲಿಸುತ್ತಾ ತಾನೂ ಕಲಿತನು.

ಮುಚ್ಚಿದ ಬಾಗಿಲನ್ನು ತಟ್ಟುವವನಂತೆ ಅವನು ಆ 17ನೆಯ ವಚನವನ್ನು ಹಗಲಿರುಳು ಧ್ಯಾನಿಸಿದನು. ಕಡೆಗೆ ದೇವರ ಕನಿಕರದಿಂದ, ತಾನು ನೋಡಿಯೂ ನೋಡದೆ ಇದ್ದ ಒಂದು ಸಂಗತಿಯನ್ನು ಗಮನಿಸಿದನು. ಆ ವಚನವು ಹೆದರಿಸುವ ಮಾತಿನಲ್ಲಿ ನಿಲ್ಲುವದಿಲ್ಲ. ನೀತಿವಂತನು ನಂಬಿಕೆಯಿಂದ ಬದುಕುವನೆಂಬ ಹಬಕ್ಕೂಕನ ಪ್ರವಾದನೆಯನ್ನು ಪೌಲನು ಅದಕ್ಕೆ ಸೇರಿಸಿದ್ದಾನೆ. ಹಿಂದಿನ ಮಾತಿನ ಬೀಗಕ್ಕೆ ಮುಂದಿನ ಮಾತೇ ಕೀಲಿಕೈಯಾಯಿತು. ಇಲ್ಲಿ ಹೇಳಿರುವ ನೀತಿಯು ದೇವರು ನಮ್ಮಿಂದ ವಸೂಲುಮಾಡುವ ನೀತಿಯಲ್ಲ; ಬೆತ್ತಲೆಯಾದವನಿಗೆ ತಂದೆಯು ವಸ್ತ್ರ ಹೊದಿಸುವ ಹಾಗೆ, ನಂಬುವವನಿಗೆ ಆತನು ಕ್ರಿಸ್ತನಲ್ಲಿ ಧರ್ಮಾರ್ಥವಾಗಿ ಕೊಡುವ ನೀತಿ.

ಲೂಥರನು ಅಲ್ಲಿಗೆ ಬಿಡಲಿಲ್ಲ. ತನಗೆ ನೆನಪಿದ್ದ ವಚನಗಳನ್ನೆಲ್ಲಾ ಮನಸ್ಸಿನಲ್ಲಿ ಸಂಚರಿಸಿ ಪರೀಕ್ಷಿಸಿದನು. ದೇವರ ಬಲವೆಂದರೆ ಆತನು ನಮ್ಮನ್ನು ಬಲಪಡಿಸುವ ಬಲ. ದೇವರ ಜ್ಞಾನವೆಂದರೆ ಆತನು ನಮ್ಮನ್ನು ಜ್ಞಾನಿಗಳಾಗಿ ಮಾಡುವ ಜ್ಞಾನ. ಹಾಗೆಯೇ ದೇವರ ನೀತಿಯೂ. ಸತ್ಯವೇದವೆಲ್ಲಾ ಅವನಿಗೆ ಬೇರೆ ಮುಖವನ್ನು ತೋರಿಸಿತು. ಪುರಾತನ ಸಭಾಗುರುವಾದ ಅಗಸ್ಟಿನನ ಗ್ರಂಥವೊಂದರಲ್ಲಿಯೂ ಇದೇ ಅರ್ಥವಿರುವದನ್ನು ಕಂಡು ಸಂತೋಷಪಟ್ಟನು. ಈ ಸಂಗತಿಯನ್ನೆಲ್ಲಾ ಅವನು ತನ್ನ ಮರಣಕ್ಕೆ ಒಂದು ವರುಷ ಮುಂಚೆ, 1545ರಲ್ಲಿ, ತನ್ನ ಲ್ಯಾಟಿನ್ ಗ್ರಂಥಗಳ ಮುನ್ನುಡಿಯಲ್ಲಿ ವಿವರಿಸಿದನು.

ಮತ್ತಾಯನ ಸುವಾರ್ತೆಯ 4ನೆಯ ಅಧ್ಯಾಯದ 17ನೆಯ ವಚನವೂ ಅವನಿಗೆ ಹೀಗೆಯೇ ಹೊಸದಾಯಿತು. ಅಲ್ಲಿ ಕರ್ತನು ಕೊಟ್ಟ ಅಪ್ಪಣೆಯನ್ನು ಲ್ಯಾಟಿನ್ ಸತ್ಯವೇದದ ಮಾತಿನ ಮೇಲೆ, ಗುರುವು ವಿಧಿಸಿದ ಪ್ರಾಯಶ್ಚಿತ್ತವನ್ನು ಮಾಡಬೇಕೆಂದು ಜನರು ತಿಳಿದಿದ್ದರು. ಎರಾಸ್ಮಸನು 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚಿನಲ್ಲಿ ಪ್ರಕಟಿಸಿದ್ದನು. ಗ್ರೀಕ್ ಮಾತಿನ ಅರ್ಥವು ಮನಸ್ಸನ್ನು ಮಾರ್ಪಡಿಸಿಕೊಳ್ಳುವದೆಂದು ಲೂಥರನು ಕಲಿತನು. ನಮ್ಮಲ್ಲಿ ಬಹುಮಂದಿ ಓದುವ ಕನ್ನಡ ಸತ್ಯವೇದದಲ್ಲಿಯೂ ಅದು ದೇವರ ಕಡೆಗೆ ತಿರುಗುವದೆಂಬ ಅರ್ಥದಲ್ಲಿಯೇ ಇದೆ. ಹಣಕ್ಕೆ ಪಾಪವಿಮೋಚನಪತ್ರಗಳನ್ನು ಮಾರುವವರಿಗೆ ವಿರೋಧವಾಗಿ 1517ನೆಯ ಅಕ್ಟೋಬರ್ 31ರಂದು ಅವನು ಹೊರಡಿಸಿದ 95 ವಾಕ್ಯಗಳಲ್ಲಿ ಮೊದಲನೆಯದು ಈ ವಚನವನ್ನೇ ಕುರಿತದ್ದು.

1521ರ ಏಪ್ರಿಲ್ ತಿಂಗಳಲ್ಲಿ ವೋರ್ಮ್ಸ್ ಪಟ್ಟಣದ ಸಭೆಯಲ್ಲಿ ಚಕ್ರವರ್ತಿಯ ಮುಂದೆ ನಿಂತು ಅವನು ತನ್ನ ಬರಹಗಳನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಿರುಗಿಸಿದನು. ಅದು 1522ರ ಸೆಪ್ಟೆಂಬರಿನಲ್ಲಿಯೂ, ಜೊತೆಗಾರರ ಸಹಾಯದಿಂದ ಮುಗಿದ ಪೂರ್ಣ ಸತ್ಯವೇದವು 1534ರಲ್ಲಿಯೂ ಪ್ರಕಟವಾದವು. ಮನೆಯ ತಾಯಂದಿರೂ ಬೀದಿಯ ಮಕ್ಕಳೂ ಸಂತೆಯ ಜನರೂ ಆಡುವ ಮಾತಿಗೆ ಅವನು ಕಿವಿಗೊಟ್ಟು ಬರೆದನು.

ಆದರೂ ಲೂಥರನು ನಿರ್ದೋಷಿಯಾಗಿರಲಿಲ್ಲ. 1525ರಲ್ಲಿ ದಂಗೆಯೆದ್ದ ರೈತರನ್ನು ಕೊಲ್ಲಿರೆಂದು ಪ್ರಭುಗಳಿಗೆ ಬರೆದನು. 1543ರಲ್ಲಿ ಯೆಹೂದ್ಯರಿಗೆ ವಿರೋಧವಾಗಿ ಅತಿ ಕ್ರೂರವಾದ ಪುಸ್ತಕವನ್ನು ಬರೆದನು. ಅವನು ಪ್ರೀತಿಸಿದ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಕಸಿಕಟ್ಟಿದ ಕಾಡುಕೊಂಬೆಯು ಮೂಲಕೊಂಬೆಗಳ ಮೇಲೆ ಹೆಚ್ಚಳಪಡಬಾರದೆಂಬ ಎಚ್ಚರಿಕೆ ಇದೆ. 1ನೆಯ ಅಧ್ಯಾಯದಲ್ಲಿ ಕಣ್ಣು ತೆರೆದವನು 11ನೆಯದರಲ್ಲಿ ಕುರುಡನಾದನು. ಒಮ್ಮೆ ಬೆಳಕು ಕಂಡವನಿಗೂ ದಿನದಿನವೂ ಬೆಳಕು ಬೇಕು.

ಪ್ರಿಯರೇ, ಬೆಳೆ ಕೆಟ್ಟಾಗಲೂ ಮಗುವಿಗೆ ಜ್ವರ ಬಂದಾಗಲೂ ದೇವರು ಲೆಕ್ಕ ತೀರಿಸಿಕೊಳ್ಳುತ್ತಿದ್ದಾನೆಂದು ನಡುಗುವವರು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಅವರು ಅರ್ಧ ವಚನವನ್ನು ಹಿಡಿದುಕೊಂಡು ಅಳದಿರಲಿ. ವಚನವನ್ನು ಕಡೆಯ ವರೆಗೆ ಓದಲಿ, ಓದಲಾರದವರು ಓದಿಸಿ ಕೇಳಲಿ, ಅದೇ ಮಾತು ಬೇರೆ ಕಡೆಯಲ್ಲಿ ಎಲ್ಲಿದೆಯೆಂದು ಹುಡುಕಲಿ, ತಿಳಿಯುವ ತನಕ ತಟ್ಟಲಿ.

ಲೂಥರನು 1546ನೆಯ ಫೆಬ್ರವರಿ 18ರಂದು ತಾನು ಹುಟ್ಟಿದ ಊರಿನಲ್ಲಿಯೇ ತೀರಿಕೊಂಡನು. ಎರಡು ದಿವಸ ಮುಂಚೆ ಅವನು ಬರೆದ ಒಂದು ಚೀಟಿಯು ಉಳಿದಿತ್ತು. ಕುರುಬರ ವಿಷಯವಾದ ಕವಿತೆಯು ಐದು ವರುಷ ಕುರಿ ಕಾಯದವನಿಗೆ ತಿಳಿಯದು, ಬೇಸಾಯದ ಕವಿತೆಯು ಐದು ವರುಷ ಹೊಲ ಉಳದವನಿಗೆ ತಿಳಿಯದು. ಸತ್ಯವೇದವನ್ನಾದರೋ ಪ್ರವಾದಿಗಳ ಸಂಗಡ ನೂರು ವರುಷ ಸಭೆಯನ್ನು ನಡಿಸದವನು ಸಾಕಷ್ಟು ರುಚಿನೋಡಿದ್ದೇನೆಂದು ನೆನಸಬಾರದು, ಅದರ ಮುಂದೆ ನಾವೆಲ್ಲರೂ ಭಿಕ್ಷುಕರೇ ಎಂಬದು ಅದರ ತಾತ್ಪರ್ಯ. ಮೂವತ್ತು ವರುಷಕ್ಕಿಂತ ಹೆಚ್ಚಾಗಿ ಸತ್ಯವೇದವನ್ನು ಕಲಿಸಿದವನು ಕೈಚಾಚಿಕೊಂಡು ಸತ್ತನು. ಬರುವ ಆದಿತ್ಯವಾರ ನಮಗೆ ಬಾಯಿಪಾಠವಾಗಿರುವ ವಚನವನ್ನು ಓದುವಾಗ ನಾವೂ ಹಾಗೆಯೇ ಕೈಚಾಚೋಣ.