ಜಿ. ಎನ್. ರಾಮಚಂದ್ರನ್

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಎರ್ನಾಕುಳಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಗಣಿತದ ಪ್ರಾಧ್ಯಾಪಕರು. ಗಣಿತದ ಒಲವು ಮಗನಿಗೆ ತಂದೆಯಿಂದಲೇ ಬಂದಿತು. ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ವ್ಯಾಸಂಗ ಮಾಡಿ, 1942ರಲ್ಲಿ ಅವರು ಬೆಂಗಳೂರಿಗೆ ಬಂದರು. ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರು ಮೊದಲು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗವನ್ನು. ಆದರೆ ಅಲ್ಲಿದ್ದ ಸರ್ ಸಿ. ವಿ. ರಾಮನ್ ಅವರು ಈ ತರುಣನ ಪ್ರತಿಭೆಯನ್ನು ಗುರುತಿಸಿ ಭೌತವಿಜ್ಞಾನ ವಿಭಾಗಕ್ಕೆ ಕರೆದುಕೊಂಡರು. ಕ್ಷ-ಕಿರಣಗಳನ್ನು ಹಾಯಿಸಿ ಹರಳುಗಳೊಳಗಿನ ಪರಮಾಣುಗಳ ಜೋಡಣೆಯನ್ನು ಅರಿಯುವ ವಿದ್ಯೆ ಅಲ್ಲಿ ಅವರಿಗೆ ಕರಗತವಾಯಿತು. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಸಂಶೋಧನೆ ನಡೆಸಿ 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ, ಮೂವತ್ತರ ಹೊಸ್ತಿಲಲ್ಲಿಯೇ, ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಆಗ ಮದರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲರು, ಕೊಲ್ಲಾಜನ್ ಎಂಬ ಪ್ರೋಟೀನಿನ ರಚನೆಯು ಇನ್ನೂ ಬಿಡಿಸಲಾರದ ಒಗಟಾಗಿಯೇ ಉಳಿದಿದೆಯೆಂದು ತಿಳಿಸಿದರು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ಕೊಡುವ ಪ್ರೋಟೀನು ಇದು. ಮದರಾಸಿನಲ್ಲಿಯೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿದ್ದುದರಿಂದ ಸಾಮಗ್ರಿಗೆ ಕೊರತೆಯಾಗಲಿಲ್ಲ. ಗೋಪಿನಾಥ ಕರ್ತಾ ಅವರೊಡನೆ ದುಡಿದು, 1954 ಮತ್ತು 1955ರಲ್ಲಿ ರಾಮಚಂದ್ರನ್ ತಮ್ಮ ಉತ್ತರವನ್ನು ಪ್ರಕಟಿಸಿದರು. ಕೊಲ್ಲಾಜನ್ ಮೂರು ಎಳೆಗಳ ಹುರಿ ಎಂಬುದೇ ಆ ಉತ್ತರ.

ಅರಸೀಕೆರೆಯ ತೆಂಗಿನ ಸೀಮೆಯಲ್ಲಿ ನಾರಿನ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದೊಂದು ಎಳೆಯನ್ನೂ ಒಂದು ದಿಕ್ಕಿಗೆ ಹುರಿಗೊಳಿಸಿ, ಅನಂತರ ಎಳೆಗಳನ್ನು ಕೂಡಿಸಿ ಎದುರು ದಿಕ್ಕಿಗೆ ಹೊಸೆಯುತ್ತಾರೆ. ಬಿಚ್ಚಿಕೊಳ್ಳಲು ಹವಣಿಸುವ ಎಳೆಗಳೇ ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಕೊಲ್ಲಾಜನ್ನಿನ ಎಳೆಗಳು ಎಡಕ್ಕೆ ತಿರುಚಿಕೊಂಡಿದ್ದು, ಮೂರೂ ಸೇರಿ ಬಲಕ್ಕೆ ಸುತ್ತಿಕೊಳ್ಳುತ್ತವೆ. ಹುರಿಯ ನಡುವೆ ಸ್ಥಳ ಬಲು ಇಕ್ಕಟ್ಟು. ಆದ್ದರಿಂದಲೇ ಎಳೆಯ ಪ್ರತಿ ಮೂರನೆಯ ಸ್ಥಾನದಲ್ಲಿ ಅಮೈನೋ ಆಮ್ಲಗಳಲ್ಲೆಲ್ಲ ಅತ್ಯಂತ ಚಿಕ್ಕದಾದ ಗ್ಲೈಸಿನ್ ಇರುತ್ತದೆ.

ಈ ಶೋಧಕ್ಕೆ ಮೆಚ್ಚುಗೆಯೊಡನೆ ಟೀಕೆಯೂ ಬಂದಿತು. ಟೀಕಿಸಿದವರು ಸಾಮಾನ್ಯರಲ್ಲ, ಡಿಎನ್‌ಎ ರಚನೆಯನ್ನು ಬಿಡಿಸಿ ಹೆಸರಾಗಿದ್ದ ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಸಹೋದ್ಯೋಗಿ ಅಲೆಕ್ಸಾಂಡರ್ ರಿಚ್. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಸಲ್ಲದಷ್ಟು ಹತ್ತಿರ ಬಂದಿವೆಯೆಂದೂ, ಎಳೆಗಳನ್ನು ಬೆಸೆಯುವ ಜಲಜನಕ ಬಂಧಗಳು ಎರಡರ ಬದಲು ಒಂದೇ ಇರಬೇಕೆಂದೂ ಅವರು ವಾದಿಸಿದರು. ಬಂಧಗಳ ಎಣಿಕೆಯಲ್ಲಿ ಅವರ ಮಾತೇ ಸರಿಯೆಂದು ಮುಂದೆ ತಿಳಿದುಬಂದಿತು. ಮೂರೆಳೆಯ ಹುರಿ ಮಾತ್ರ ಅಲುಗದೆ ನಿಂತಿತು. ಅಷ್ಟಕ್ಕೇ ರಾಮಚಂದ್ರನ್ನರಿಗೆ ಸಮಾಧಾನವಾಗಲಿಲ್ಲ. ಎರಡು ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು? ಈ ಪ್ರಶ್ನೆಗೆ ಖಚಿತವಾದ ಉತ್ತರ ಬೇಕೆಂದು, ಅದುವರೆಗೆ ತಿಳಿದಿದ್ದ ಹರಳುಗಳ ಅಳತೆಗಳನ್ನೆಲ್ಲ ಅವರು ಕಲೆಹಾಕಿದರು.

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನೂ ಹಳೇಬೀಡಿನ ಗೋಡೆಗಳ ನರ್ತಕಿಯರನ್ನೂ ಇಲ್ಲಿ ನೆನೆಯಬಹುದು. ಕೊರಳು, ನಡು, ಮಂಡಿಗಳು ನೂರು ಬಗೆಯಾಗಿ ಬಾಗಿವೆ. ಆದರೆ ಯಾರೊಬ್ಬಳ ಮೊಣಕೈಯೂ ಹಿಂದಕ್ಕೆ ಮಡಿಸಿಲ್ಲ. ದೇಹದ ಕೀಲುಗಳು ಒಪ್ಪುವ ಭಂಗಿಗಳನ್ನು ಮಾತ್ರ ಶಿಲ್ಪಿ ಕಂಡರಿಸಿದ್ದಾನೆ. ಪ್ರೋಟೀನಿನ ಎಳೆಗೂ ಇಂತಹ ಕೀಲುಗಳುಂಟು. ಪ್ರತಿಯೊಂದು ಅಮೈನೋ ಆಮ್ಲದ ಬಳಿಯೂ ಎಳೆಯು ಎರಡು ಕಡೆ ತಿರುಗಬಲ್ಲದು. ಆ ಎರಡು ಕೋನಗಳಲ್ಲಿ ಯಾವ ಜೋಡಿ ಸಾಧ್ಯ, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ಅಡ್ಡಿಯಾಗುತ್ತವೆ ಎಂಬುದನ್ನು ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಅವರು ಬಹು ಶ್ರಮದಿಂದ ಲೆಕ್ಕಹಾಕಿದರು. 1963ರಲ್ಲಿ ಪ್ರಕಟವಾದ ಆ ಫಲಿತಾಂಶವೇ ಲೋಕವಿಖ್ಯಾತವಾದ ರಾಮಚಂದ್ರನ್ ನಕ್ಷೆ. ಚೌಕಾಕಾರದ ಆ ನಕ್ಷೆಯಲ್ಲಿ ಬಹುಭಾಗ ನಿಷಿದ್ಧ ಪ್ರದೇಶ. ಪ್ರೋಟೀನುಗಳು ನೆಲೆಸಬಲ್ಲ ದ್ವೀಪಗಳು ಕೆಲವೇ.

ಪ್ರೋಟೀನಿನ ಆಕಾರಕ್ಕೆ ಇಷ್ಟು ಮಹತ್ವವೇಕೆ? ಆಕಾರ ಹೊಂದಿದರೆ ಮಾತ್ರ ಒಂದು ಅಣು ಇನ್ನೊಂದನ್ನು ಹಿಡಿಯಬಲ್ಲದು. ಹಿಡಿದರೆ ಮಾತ್ರ ಕಾರ್ಯ ನಡೆದೀತು. ಕೈ ಎತ್ತಬೇಕೆಂದು ಬಯಸಿದಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಹೊರಟು, ಸ್ನಾಯುವಿನ ಮೇಲಿರುವ ಗ್ರಾಹಕ ಪ್ರೋಟೀನನ್ನು ಸೇರುತ್ತದೆ. ಗ್ರಾಹಕದ ದ್ವಾರ ತೆರೆದು ಸ್ನಾಯು ಸಂಕುಚಿಸುತ್ತದೆ. ಮರುಕ್ಷಣವೇ ಒಂದು ಕಿಣ್ವವು ಆ ದ್ರವ್ಯವನ್ನು ಒಡೆದು ಸಂದೇಶವನ್ನು ಮುಗಿಸಬೇಕು. ಈ ಕಿಣ್ವವನ್ನು ನರಸ್ನಾಯುಗಳ ಸಂಧಿಯಲ್ಲಿ ಕಟ್ಟಿ ನಿಲ್ಲಿಸುವ ಬಾಲವು ಕೊಲ್ಲಾಜನ್ನಿನಂತಹುದೇ ಮೂರೆಳೆಯ ಹುರಿಯೆಂದು 1970ರ ದಶಕದಲ್ಲಿ ಕಂಡುಬಂದಿತು. ಆ ಹುರಿಯಲ್ಲಿ ದೋಷವಿರುವ ಮಕ್ಕಳು ಎಳವೆಯಿಂದಲೇ ಸ್ನಾಯುದೌರ್ಬಲ್ಯದಿಂದ ನರಳುತ್ತಾರೆ.

ರೋಗನಿರೋಧದಲ್ಲಿಯೂ ಇದೇ ಹುರಿಯ ಕೆಲಸವಿದೆ. ರೋಗಾಣುವನ್ನು ಪ್ರತಿಕಾಯಗಳು ಹಿಡಿದುಕೊಂಡಾಗ ಅದನ್ನು ಗುರುತಿಸುವ ಸಿ1ಕ್ಯೂ ಎಂಬ ಪ್ರೋಟೀನು ರಕ್ತದಲ್ಲಿದೆ. ಆರು ಕಾಂಡಗಳ ಹೂಗೊಂಚಲಿನಂತಹ ರೂಪ. ಒಂದೊಂದು ಕಾಂಡವೂ ಮೂರೆಳೆಯ ಹುರಿ. ಕಾಂಡಗಳ ತುದಿಯ ಗುಂಡುಗಳು ಪ್ರತಿಕಾಯಗಳಿಗೆ ಅಂಟಿಕೊಂಡೊಡನೆ ಬೇರೆ ಪ್ರೋಟೀನುಗಳು ಸಾಲಾಗಿ ಎಚ್ಚೆತ್ತು ರೋಗಾಣುವಿನ ಮೇಲೆ ಎರಗುತ್ತವೆ. ಸ್ನಾಯುರಜ್ಜುವಿನಲ್ಲಿ ಭಾರ ಹೊರುವ ರಚನೆಯನ್ನೇ ಪ್ರಕೃತಿಯು ನರದ ಬಳಿ ಲಂಗರಾಗಿಯೂ ರಕ್ತದಲ್ಲಿ ಕಾಂಡವಾಗಿಯೂ ಬಳಸಿಕೊಂಡಿದೆ.

1971ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರನ್ನರು ಅಣು ಜೀವಭೌತವಿಜ್ಞಾನ ವಿಭಾಗವನ್ನು ಸ್ಥಾಪಿಸಿದರು. ಶರೀರದ ಒಳಭಾಗವನ್ನು ಕ್ಷ-ಕಿರಣಗಳಿಂದ ಚಿತ್ರಿಸಲು ನೆರವಾಗುವ ಒಂದು ಗಣಿತವಿಧಾನವನ್ನೂ ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಕೊನೆಯ ವರ್ಷಗಳನ್ನು ಅನಾರೋಗ್ಯ ಕಾಡಿತು. 1998ರಲ್ಲಿ ಪತ್ನಿ ರಾಜಲಕ್ಷ್ಮಿಯವರು ಅಗಲಿದರು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ರಾಮಚಂದ್ರನ್ ನಿಧನರಾದರು. ಜಗತ್ತಿನ ಯಾವುದೇ ಪ್ರಯೋಗಾಲಯದಲ್ಲಿ ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿದಾಗ, ಅದರ ಕೋನಗಳು ಸರಿಯಾಗಿವೆಯೇ ಎಂದು ಇಂದಿಗೂ 1963ರ ಆ ನಕ್ಷೆಯನ್ನು ಆಧರಿಸಿ ಪರೀಕ್ಷಿಸುತ್ತಾರೆ.