ಕೈಗಳಿಂದ ಮಾಡಿದ ಪ್ರಾಯಶ್ಚಿತ್ತ: ನ್ಯಾಯಾಧೀಶ ಲೋಥಾರ್ ಕ್ರೈಸಿಗ್

ಪಾಪನಿವೇದನೆ ಮಾಡಿದಾಗ ಕ್ಷಮೆಯ ಜೊತೆಗೆ ಒಂದು ಪ್ರಾಯಶ್ಚಿತ್ತವೂ ನಮಗೆ ಸಿಗುತ್ತದೆ. ಆದರೆ ಒಂದು ದೇಶವೇ ಪಾಪ ಮಾಡಿದರೆ ಪ್ರಾಯಶ್ಚಿತ್ತ ಮಾಡುವವರು ಯಾರು? 60 ಲಕ್ಷ ಯೆಹೂದ್ಯರನ್ನು ಕೊಂದ ಜರ್ಮನಿಯಲ್ಲಿ ಈ ಪ್ರಶ್ನೆಯನ್ನು ತನ್ನ ಹೆಗಲ ಮೇಲೆ ಹೊತ್ತುಕೊಂಡವರು ಲೋಥಾರ್ ಕ್ರೈಸಿಗ್.

ಇವರು ಹುಟ್ಟಿದ್ದು 1898ರ ಅಕ್ಟೋಬರ್ 30ರಂದು, ಸ್ಯಾಕ್ಸನಿಯ ಫ್ಲೋಹಾ ಎಂಬ ಊರಿನಲ್ಲಿ. ಕಾನೂನು ಓದಿ ನ್ಯಾಯಾಧೀಶರಾದರು. ಪ್ರೊಟೆಸ್ಟೆಂಟ್ ಸಭೆಗೆ ಸೇರಿದ ಅವರು ಹಿಟ್ಲರನ ಪಕ್ಷಕ್ಕೆ ಸೇರಲಿಲ್ಲ. ಸಭೆಯನ್ನು ಸರ್ಕಾರದ ಅಡಿಯಾಳಾಗಿಸಲು ಒಪ್ಪದ ಕ್ರೈಸ್ತರ ಜೊತೆ ನಿಂತರು. 1937ರಲ್ಲಿ ಬ್ರಾಂಡೆನ್‌ಬುರ್ಗ್ ಪಟ್ಟಣದ ನ್ಯಾಯಾಲಯಕ್ಕೆ ಬಂದರು. ನೂರಾರು ಮಾನಸಿಕ ರೋಗಿಗಳ ಹಿತ ಕಾಯುವ ಹೊಣೆ ಅಲ್ಲಿ ಅವರದಾಗಿತ್ತು.

1940ರಲ್ಲಿ ಈ ರೋಗಿಗಳು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದರಂತೆ ಬರತೊಡಗಿತು. ಕ್ರೈಸಿಗ್‌ರಿಗೆ ಸಂಶಯ ಬಂತು. ಅದು ನಿಜವೂ ಆಗಿತ್ತು. ಅದೇ ಪಟ್ಟಣದ ಹಳೆಯ ಸೆರೆಮನೆಯಲ್ಲಿ ಆ ವರ್ಷ 9,000ಕ್ಕೂ ಹೆಚ್ಚು ರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಲ್ಲಲಾಯಿತು. ಜುಲೈ 8ರಂದು ಕ್ರೈಸಿಗ್ ನ್ಯಾಯಮಂತ್ರಿ ಗ್ಯುರ್ಟ್ನರ್‌ಗೆ ಪತ್ರ ಬರೆದು ಪ್ರತಿಭಟಿಸಿದರು. ಹಿಟ್ಲರನ ಆಪ್ತ ಬೌಲರ್ ಮೇಲೆ ಕೊಲೆಯ ದೂರು ಕೊಟ್ಟರು. ತಮ್ಮ ಒಪ್ಪಿಗೆಯಿಲ್ಲದೆ ರೋಗಿಗಳನ್ನು ಬೇರೆಡೆಗೆ ಕಳುಹಿಸಬಾರದೆಂದು ಆಸ್ಪತ್ರೆಗಳಿಗೆ ಆಜ್ಞೆ ಹೊರಡಿಸಿದರು.

ನವೆಂಬರ್ 13ರಂದು ಮಂತ್ರಿ ಅವರನ್ನು ಕರೆಸಿ ಹಿಟ್ಲರನ ಸಹಿಯಿದ್ದ ಪತ್ರ ತೋರಿಸಿದರು. ನಾಯಕನ ಇಚ್ಛೆಯೇ ಕಾನೂನು ಎಂಬುದನ್ನು ಕ್ರೈಸಿಗ್ ಒಪ್ಪಲಿಲ್ಲ. ಹುದ್ದೆ ಹೋಯಿತು, 1942ರಲ್ಲಿ ಕಡ್ಡಾಯ ನಿವೃತ್ತಿಯಾಯಿತು. ಕಥೋಲಿಕ ಧರ್ಮಾಧ್ಯಕ್ಷ ಫಾನ್ ಗಾಲೆನ್ ಇದೇ ಕೊಲೆಗಳನ್ನು ಖಂಡಿಸಿ ಮ್ಯೂನ್‌ಸ್ಟರ್‌ನಲ್ಲಿ ಪ್ರಬೋಧನೆ ಮಾಡಿದ್ದು 1941ರ ಆಗಸ್ಟ್ 3ರಂದು. ಅಂದರೆ ಕ್ರೈಸಿಗ್ ದನಿಯೆತ್ತಿ ಒಂದು ವರ್ಷ ಕಳೆದ ಮೇಲೆ. ಕೆಲಸ ಕಳೆದುಕೊಂಡ ಕ್ರೈಸಿಗ್ ತಮ್ಮ ಹೊಲಮನೆಯಲ್ಲಿ ಬೇಸಾಯ ಮಾಡಿಕೊಂಡಿದ್ದರು. ಅಲ್ಲಿ ಅವರೂ ಪತ್ನಿ ಯೊಹಾನ್ನಾ ಅವರೂ ಇಬ್ಬರು ಯೆಹೂದ್ಯ ಮಹಿಳೆಯರಿಗೆ ಆಶ್ರಯ ಕೊಟ್ಟು ಕಾಪಾಡಿದರು.

ಯುದ್ಧ ಮುಗಿದಾಗ, ತನ್ನ ಕೈ ಶುದ್ಧವಾಗಿದೆ ಎಂದು ಹೇಳಿಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಇವರಿಗೆ ಇತ್ತು. ಅವರು ಹಾಗೆ ಹೇಳಲಿಲ್ಲ. ತಪ್ಪಿತಸ್ಥರ ಸಾಲಿನಲ್ಲಿ ತಮ್ಮನ್ನೂ ಸೇರಿಸಿಕೊಂಡರು. 1958ರ ಏಪ್ರಿಲ್ 30ರಂದು ಬರ್ಲಿನ್‌ನಲ್ಲಿ ನಡೆದ ಪ್ರೊಟೆಸ್ಟೆಂಟ್ ಸಭೆಯ ಮಹಾಸಮ್ಮೇಳನದಲ್ಲಿ ಅವರೊಂದು ಕರೆಯನ್ನು ಓದಿದರು. ಜರ್ಮನರಿಂದ ಹಿಂಸೆಗೊಳಗಾದ ದೇಶಗಳಲ್ಲಿ ಕೈಯಾರೆ ದುಡಿಯಲು ಆ ಜನರ ಅನುಮತಿ ಬೇಡಬೇಕು ಎಂಬುದು ಅದರ ತಿರುಳು. ಕೇಳದೆ ಹೋಗಿ ಉಪಕಾರ ಮಾಡುವುದಲ್ಲ, ಬಾಗಿಲು ತಟ್ಟಿ ಕೇಳಿಕೊಳ್ಳುವುದು. ಸಂಸ್ಥೆಗೆ ಪ್ರಾಯಶ್ಚಿತ್ತದ ಗುರುತು ಎಂಬ ಅರ್ಥದ ಹೆಸರಿಟ್ಟರು. ಆ ಸಾಲ ತೀರಿಸುವಂಥದ್ದಲ್ಲ, ಗುರುತನ್ನು ಮಾತ್ರ ಕೊಡಬಹುದು ಎಂದು ಅವರು ತಿಳಿದಿದ್ದರು.

1959ರಲ್ಲಿ ಯುವ ಸ್ವಯಂಸೇವಕರು ನಾರ್ವೆ ಮತ್ತು ಹಾಲೆಂಡಿಗೆ ಹೋದರು. 1961ರಲ್ಲಿ ಇಸ್ರೇಲಿನ ಬಾಗಿಲೂ ತೆರೆಯಿತು. ಅದೇ ವರ್ಷ ಬರ್ಲಿನ್ ಗೋಡೆ ಎದ್ದಿತು. ಪೂರ್ವ ಜರ್ಮನಿಯಲ್ಲೇ ಉಳಿದ ಕ್ರೈಸಿಗ್ ವಿದೇಶದ ಕೆಲಸವನ್ನು ಪಶ್ಚಿಮದವರಿಗೆ ಒಪ್ಪಿಸಿ ಅಲ್ಲಿಯೇ ಮತ್ತೆ ಆರಂಭಿಸಿದರು. 1962ರಲ್ಲಿ ಮಾಗ್ಡೆಬುರ್ಗ್‌ನ ಬೇಸಿಗೆ ಶಿಬಿರದಲ್ಲಿ ಯುವಜನರು ಬಾಂಬಿಗೆ ಕುಸಿದ ಒಂದು ಕಥೋಲಿಕ ಮತ್ತು ಒಂದು ಪ್ರೊಟೆಸ್ಟೆಂಟ್ ದೇವಾಲಯದ ಕಲ್ಲುಮಣ್ಣು ಎತ್ತಿ ಹಾಕಿದರು. 1965ರಲ್ಲಿ ಪೂರ್ವ ಜರ್ಮನಿಯ ತಂಡಗಳು ಪೋಲೆಂಡಿಗೆ, ಆಶ್ವಿಟ್ಜ್ ಮತ್ತು ಮೈದಾನೆಕ್‌ನ ಸ್ಮಾರಕ ಸ್ಥಳಗಳಿಗೆ ಹೋದವು. ಈ ಯಾತ್ರೆಗಳ ಹಿಂದೆ ಗ್ಯುಂಟರ್ ಸೆರ್ಶೆನ್ ಎಂಬ ಕಥೋಲಿಕ ಶ್ರೀಸಾಮಾನ್ಯರ ಶ್ರಮವೂ ಇತ್ತು.

1986ರ ಜುಲೈ 5ರಂದು ಕ್ರೈಸಿಗ್ ನಿಧನರಾದರು. ಅದೇ ವರ್ಷ ಡಿಸೆಂಬರಿನಲ್ಲಿ ಆಶ್ವಿಟ್ಜ್ ಬಳಿಯ ಒಶ್ವಿಯೆಂಚಿಮ್ ಪಟ್ಟಣದಲ್ಲಿ ಅವರ ಸಂಸ್ಥೆಯ ಪ್ರಯತ್ನದಿಂದ ಅಂತರರಾಷ್ಟ್ರೀಯ ಯುವಜನ ಕೇಂದ್ರ ತೆರೆಯಿತು. ಹಲವು ದೇಶಗಳ ಯುವಜನರು ಇಂದಿಗೂ ಬೇಸಿಗೆ ಶಿಬಿರಗಳಿಗೆ ಬಂದು ಸ್ಮಾರಕಗಳನ್ನೂ ಯೆಹೂದ್ಯ ಸಮಾಧಿಭೂಮಿಗಳನ್ನೂ ಶುಚಿಗೊಳಿಸುತ್ತಾರೆ. ಆ ಕೊಲೆಗಳು ನಡೆದಾಗ ಅವರಲ್ಲಿ ಒಬ್ಬರೂ ಹುಟ್ಟಿರಲಿಲ್ಲ.

ನೆರೆಯವರಿಗೆ ನೋವಾದಾಗ ಆ ತಪ್ಪು ನಮ್ಮದಲ್ಲ, ಹಿರಿಯರದು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ತಪ್ಪು ಮಾಡದ ಕ್ರೈಸಿಗ್ ಹಾಗೆ ಹೇಳಲಿಲ್ಲ. ನಮ್ಮ ಧರ್ಮಕೇಂದ್ರಗಳ ಯುವಜನರು ಮುಂದಿನ ಶ್ರಮದಾನಕ್ಕೆ ಗುದ್ದಲಿ ಹಿಡಿಯುವ ಮೊದಲು ಈ ನ್ಯಾಯಾಧೀಶರನ್ನು ಒಮ್ಮೆ ನೆನೆಯಲಿ ಎಂದು ಆಶಿಸುತ್ತೇವೆ.