ಗಾಯಕ ಬಿಲ್ಲಿ ಫ್ಯೂರಿ

ಸಂಚಿಕೆಗಾಗಿ ಒಬ್ಬ ಪ್ರಸಿದ್ಧರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ನಮ್ಮ ಗುರುಗಳು ಅಪ್ಪಣೆ ಮಾಡಿದಾಗ, ಸಹಪಾಠಿಗಳು ದೇಶಭಕ್ತರನ್ನೂ ಕವಿಗಳನ್ನೂ ಆಗಲೇ ಹಂಚಿಕೊಂಡುಬಿಟ್ಟಿದ್ದರು. ನಾನು ಇಂಗ್ಲೆಂಡಿನ ಒಬ್ಬ ಪಾಪ್ ಗಾಯಕನ ಹೆಸರನ್ನು ಹೇಳಿದೆ. ಗುರುಗಳು ಕನ್ನಡಕವನ್ನು ಮೇಲೆತ್ತಿ ನನ್ನನ್ನೊಮ್ಮೆ ನೋಡಿದರು, ಆದರೆ ಬೇಡವೆನ್ನಲಿಲ್ಲ. ಆತನ ಮೇಲೆ ನನಗೇಕೆ ಇಷ್ಟು ಮಮತೆಯೆಂಬುದನ್ನು ಮೊದಲು ಹೇಳದಿದ್ದರೆ ಈ ಲೇಖನಕ್ಕೆ ತಲೆಬುಡವಿರಲಾರದು.

ನನ್ನ ಅಕ್ಕನಿಗೆ ಒಂಬತ್ತನೆಯ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರ ಬಂದಿತ್ತು. ಇದು ಸಾಮಾನ್ಯ ಗಂಟಲುನೋವಿನಿಂದ ಮೊದಲಾಗಿ, ಕೀಲುಗಳನ್ನು ನೋಯಿಸಿ, ಕೊನೆಗೆ ಹೃದಯದ ಕವಾಟಗಳನ್ನೇ ಕೆಡಿಸುವ ಜ್ವರ. ಕಾಲೇಜಿಗೆ ಬರುವ ಹೊತ್ತಿಗೆ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅವಳ ಜೊತೆಗೆ ಹನ್ನೊಂದು ರಾತ್ರಿ ಕಳೆದೆ. ನಿದ್ದೆ ಬಾರದಿದ್ದಾಗ ಫೋನಿನಲ್ಲಿ ಏನಾದರೂ ಚಿತ್ರ ಹಾಕುತ್ತಿದ್ದೆ. ಕಿವಿಗೆ ಹಾಕುವ ತಂತಿಯ ಒಂದು ತುದಿ ಅವಳಿಗೆ, ಒಂದು ತುದಿ ನನಗೆ. ಆಕಸ್ಮಿಕವಾಗಿ ಸಿಕ್ಕಿದವು ಬ್ರಿಟನ್ನಿನ ಹಳೆಯ ಪಾಪ್ ಸಂಗೀತ ಚಿತ್ರಗಳು.

ಈ ಚಿತ್ರಗಳ ಸ್ವರೂಪ ವಾಚಕರಿಗೆ ತಿಳಿದಿರಲಿಕ್ಕಿಲ್ಲ. 1957ರಲ್ಲಿ ಟಾಮಿ ಸ್ಟೀಲ್ ಎಂಬ ಗಾಯಕ ತನ್ನ ಕಥೆಯಲ್ಲಿ ತಾನೇ ನಟಿಸಿದನು. ಆತನಿಗಾಗ ಇಪ್ಪತ್ತು ವರ್ಷ. ಹೇಳಿಕೊಳ್ಳುವಂಥ ಕಥೆ ಎಷ್ಟಿದ್ದೀತು! ಚಿತ್ರ ಗೆದ್ದಿತು. ಆಮೇಲೆ ಕ್ಲಿಫ್ ರಿಚರ್ಡ್ ಬಂದನು. 1961ರ ದಿ ಯಂಗ್ ಒನ್ಸ್ ಚಿತ್ರದಲ್ಲಿ ಹುಡುಗರು ತಮ್ಮ ಸಂಘದ ಕಟ್ಟಡವನ್ನು ಉಳಿಸಿಕೊಳ್ಳಲು ಸಂಗೀತ ಪ್ರದರ್ಶನ ಏರ್ಪಡಿಸುತ್ತಾರೆ. 1963ರ ಸಮ್ಮರ್ ಹಾಲಿಡೇಯಲ್ಲಿ ಲಂಡನ್ನಿನ ಎರಡಂತಸ್ತಿನ ಬಸ್ಸನ್ನು ಹತ್ತಿ ಅಥೆನ್ಸಿನವರೆಗೆ ಹಾಡುತ್ತ ಹೋಗುತ್ತಾರೆ. ಕಥೆಯೆಂಬುದು ಹಾಡುಗಳನ್ನು ಒಣಹಾಕಲು ಕಟ್ಟಿದ ಹಗ್ಗ, ಅಷ್ಟೆ. ಈ ಚಿತ್ರಗಳಲ್ಲಿ ಹಿರಿಯರು ಗದರಿಸುವರು, ಕಿರಿಯರು ಕುಣಿಯುವರು, ಕೊನೆಯಲ್ಲಿ ಹಿರಿಯರೂ ಕುಣಿಯುವರು. ಯಾರಿಗೂ ಕಾಯಿಲೆ ಬರುವುದಿಲ್ಲ. ಆ ವಾರ್ಡಿನಲ್ಲಿ ಮಲಗಿದ್ದವರಿಗೆ ಅದಕ್ಕಿಂತ ಹೆಚ್ಚಿನದೇನು ಬೇಕು?

ಎರಡನೆಯ ರಾತ್ರಿ ನೋಡಿದ್ದು 1962ರ ಪ್ಲೇ ಇಟ್ ಕೂಲ್, ಕಪ್ಪುಬಿಳುಪಿನ ಚಿತ್ರ. ಬಿಲ್ಲಿ ಯೂನಿವರ್ಸ್ ಎಂಬ ಗಾಯಕನೂ ಅವನ ತಂಡದವರೂ ವಿಮಾನ ನಿಲ್ದಾಣದಲ್ಲಿ ಸಿರಿವಂತರ ಮಗಳೊಬ್ಬಳನ್ನು ಕಂಡು, ಅವಳೊಡನೆ ಲಂಡನ್ನಿನ ರಾತ್ರಿ ಕ್ಲಬ್ಬುಗಳನ್ನು ಸುತ್ತುತ್ತಾರೆ. ನಿರ್ದೇಶಕ ಮೈಕೇಲ್ ವಿನ್ನರ್. ಚಿತ್ರ ಸಾಧಾರಣವೆಂದೇ ನನ್ನ ಅಭಿಪ್ರಾಯ. ಆದರೆ ನಾಯಕನ ಕಣ್ಣಿನಲ್ಲಿ ಒಂದು ಸಂಕೋಚವಿತ್ತು. ಇಷ್ಟೊಂದು ದೀಪಗಳ ನಡುವೆ ನನ್ನನ್ನೇಕೆ ನಿಲ್ಲಿಸಿದಿರಿ ಎಂಬಂತೆ. ಅಕ್ಕನಿಗೆ ಈತ ಬಹಳ ಹಿಡಿಸಿದನು. ಅವಳು ಮಲಗಿದ ಮೇಲೆ ಆತನ ವೃತ್ತಾಂತವನ್ನು ಹುಡುಕಿ ಓದಿದೆ. ಓದಿ ಫೋನನ್ನು ಬೋರಲು ಹಾಕಿ ಕುಳಿತೆ.

ಆತನ ನಿಜನಾಮ ರೊನಾಲ್ಡ್ ವೈಚರ್ಲಿ. 1940ರ ಏಪ್ರಿಲ್ 17ರಂದು ಲಿವರ್‌ಪೂಲ್ ಬಂದರು ನಗರದಲ್ಲಿ ಜನಿಸಿದನು. ಬೆಳೆದದ್ದು ಡಿಂಗಲ್ ಎಂಬ ಬಡವರ ಕೇರಿಯಲ್ಲಿ. ಆರನೆಯ ವಯಸ್ಸಿನಲ್ಲಿ ಆತನಿಗೂ ರುಮ್ಯಾಟಿಕ್ ಜ್ವರ ಬಂದಿತು. ಆಗಿನ್ನೂ ಪೆನ್ಸಿಲಿನ್ ಜನಸಾಮಾನ್ಯರ ಕೈಗೆ ಬರತೊಡಗಿದ್ದ ಕಾಲ. ಮೂರು ನಾಲ್ಕು ವಾರಗಳಿಗೊಮ್ಮೆ ಸೂಜಿ ಚುಚ್ಚಿ ಜ್ವರ ಮರುಕಳಿಸದಂತೆ ತಡೆಯುವ ಕ್ರಮ ಇನ್ನೂ ಬಂದಿರಲಿಲ್ಲ. ಮರುಕಳಿಸಿದಷ್ಟೂ ಈ ಜ್ವರ ಕವಾಟಗಳನ್ನು ಕೆಡಿಸುತ್ತದೆ. ಹುಡುಗನ ಹೃದಯ ಆಗಲೇ ಕೆಟ್ಟಿತು; ಓದು ಅರ್ಧಕ್ಕೆ ನಿಂತಿತು. ಅದೇ ಕೇರಿಯ ಸೇಂಟ್ ಸೈಲಸ್ ಶಾಲೆಯಲ್ಲಿ ಆತನ ಓರಗೆಯ ಇನ್ನೊಬ್ಬ ರೋಗಿಷ್ಠ ಹುಡುಗನಿದ್ದನು. ಅವನೇ ಮುಂದೆ ಬೀಟಲ್ಸ್ ತಂಡದ ರಿಂಗೋ ಸ್ಟಾರ್.

ರೊನಾಲ್ಡ್ ಕೆಲಕಾಲ ಮರ್ಸಿ ನದಿಯ ಟಗ್‌ಬೋಟಿನಲ್ಲಿ ಕೂಲಿ ಮಾಡಿದನು. ದೊಡ್ಡ ಹಡಗುಗಳನ್ನು ಬಂದರಿಗೆ ಎಳೆದು ತರುವ ಪುಟ್ಟ ದೋಣಿಯದು. ಕೆಟ್ಟ ಹೃದಯದವನು ಮಾಡತಕ್ಕ ಕೆಲಸವಲ್ಲ. ಬಿಡುವಿನಲ್ಲಿ ಗಿಟಾರ್ ಹಿಡಿದು ತಾನೇ ಹಾಡುಗಳನ್ನು ಕಟ್ಟುತ್ತಿದ್ದನು. 1958ರ ಅಕ್ಟೋಬರಿನಲ್ಲಿ ನದಿಯಾಚೆಯ ಬರ್ಕನ್‌ಹೆಡ್ಡಿನ ರಂಗಮಂದಿರಕ್ಕೆ ಆ ಹಾಡುಗಳನ್ನು ತೆಗೆದುಕೊಂಡು ಹೋದನು. ಅಲ್ಲಿ ಹಾಡಲಿದ್ದ ಮಾರ್ಟಿ ವೈಲ್ಡ್ ಎಂಬುವನಿಗೆ ಅವುಗಳನ್ನು ಕೊಡಬೇಕೆಂಬುದಷ್ಟೇ ಉದ್ದೇಶ. ಸಂಘಟಕ ಲ್ಯಾರಿ ಪಾರ್ನ್ಸ್ ಹಾಡುಗಳನ್ನು ಕೇಳಿದನು, ಹುಡುಗನ ಮುಖವನ್ನು ನೋಡಿದನು, ಅಂದೇ ರಾತ್ರಿ ರಂಗದ ಮೇಲಕ್ಕೆ ದಬ್ಬಿದನು. ಹಾಡು ಮಾರಲು ಹೋದವನು ತಾನೇ ಗಾಯಕನಾಗಿ ಹೊರಬಂದನು.

ಪಾರ್ನ್ಸನಿಗೆ ಹೆಸರಿಡುವ ಚಾಳಿಯಿತ್ತು. ಒಬ್ಬನಿಗೆ ಕಾಡುತನ, ಒಬ್ಬನಿಗೆ ಆತುರ, ಒಬ್ಬನಿಗೆ ಗರ್ವ ಎಂಬರ್ಥದ ಹೆಸರುಗಳು. ನಾಲ್ಕು ಜನರ ಮುಂದೆ ಮಾತನಾಡಲು ನಾಚುವ, ಹಕ್ಕಿಗಳನ್ನು ನೋಡುತ್ತ ದಿನ ಕಳೆಯಬಲ್ಲ ಈ ಹುಡುಗನಿಗೆ ಸಿಕ್ಕಿದ್ದು ರೌದ್ರ! ವಿಚಿತ್ರವೆಂದರೆ ರಂಗದ ಮೇಲೆ ಆತನು ಹೆಸರಿಗೆ ತಕ್ಕವನೇ ಆಗುತ್ತಿದ್ದನು. 1959ರಲ್ಲಿ ಡಬ್ಲಿನ್ ನಗರದಲ್ಲಿ ಆತನ ಕುಣಿತ ಸಭ್ಯವಲ್ಲವೆಂದು ನಡುವೆಯೇ ಪರದೆ ಇಳಿಸಿಬಿಟ್ಟರು.

1960ರಲ್ಲಿ ದಿ ಸೌಂಡ್ ಆಫ್ ಫ್ಯೂರಿ ಎಂಬ ಧ್ವನಿಮುದ್ರಿಕೆ ಬಂದಿತು. ಅದರಲ್ಲಿನ ಹತ್ತು ಹಾಡುಗಳೂ ಆತನವೇ. ಕೆಲವನ್ನು ಬೇರೆ ಹೆಸರಿನಲ್ಲಿ ಬರೆದಿದ್ದನು. ಅಮೆರಿಕದ ಹಾಡುಗಳನ್ನು ಎರವಲು ತಂದು ಹಾಡುವುದೇ ಬ್ರಿಟಿಷ್ ಗಾಯಕರ ವಾಡಿಕೆಯಾಗಿದ್ದ ಕಾಲದಲ್ಲಿ ಇಪ್ಪತ್ತರ ತರುಣನಿಗೆ ಇದು ಸಣ್ಣ ಸಾಧನೆಯಲ್ಲ. ಆತನ ಬದುಕಿನ ಶಿಖರ ಚಲನಚಿತ್ರವಲ್ಲ, ಇದೇ ಎಂದು ನಾನು ಭಾವಿಸುತ್ತೇನೆ. ಆದರೆ ಹಣ ತಂದದ್ದು ಪ್ರೇಮಗೀತೆಗಳು. 1961ರಲ್ಲಿ ಹಾಫ್‌ವೇ ಟು ಪ್ಯಾರಡೈಸ್ ಮಾರಾಟದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೇರಿತು. ಅದೇ ವರ್ಷ ಜೆಲಸಿ ಎರಡನೆಯದಕ್ಕೆ. ಮೊದಲನೆಯ ಸ್ಥಾನ ಮಾತ್ರ ಆತನಿಗೆ ಎಂದೂ ದೊರೆಯಲಿಲ್ಲ. ಆತನ ಹಿಂದೆ ನಿಂತು ವಾದ್ಯ ನುಡಿಸುತ್ತಿದ್ದ ಟಾರ್ನೆಡೋಸ್ ತಂಡದವರು 1962ರಲ್ಲಿ ಟೆಲ್‌ಸ್ಟಾರ್ ಎಂಬ ಹಾಡಿಲ್ಲದ ಬರಿಯ ವಾದನದಿಂದ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲನೆಯವರಾದರು! ವಿಧಿಯ ವಿನೋದ.

ಎರಡನೆಯ ಚಿತ್ರ 1965ರ ಐವ್ ಗಾಟ ಹಾರ್ಸ್, ಇದು ಬಣ್ಣದ್ದು. ಸಮುದ್ರತೀರದ ಗ್ರೇಟ್ ಯಾರ್ಮತ್ ಊರಿನಲ್ಲಿ ಪ್ರದರ್ಶನದ ತಾಲೀಮು ನಡೆದಿದ್ದರೆ, ಬಿಲ್ಲಿ ಅದನ್ನು ಬಿಟ್ಟು ಕುದುರೆಯೊಂದನ್ನು ಕೊಂಡುಕೊಂಡು ಅದರ ಹಿಂದೆಯೇ ಅಲೆಯುತ್ತಾನೆ. ಇಲ್ಲಿ ಆತನು ಬಿಲ್ಲಿಯಾಗಿಯೇ ನಟಿಸಿದ್ದಾನೆ, ನಟಿಸಿದ್ದಾನೆಯೆನ್ನುವುದೂ ತಪ್ಪು. ಆತನಿಗೆ ನಿಜವಾಗಿಯೂ ಆನ್‌ಸೆಲ್ಮೋ ಎಂಬ ಕುದುರೆಯಿತ್ತು; 1964ರ ಡರ್ಬಿ ಪಂದ್ಯದಲ್ಲಿ ಅದು ನಾಲ್ಕನೆಯದಾಗಿ ಬಂದಿತ್ತು. ಕುದುರೆಯ ಕತ್ತಿನ ಮೇಲೆ ಕೈಯಿಟ್ಟಾಗ ಮೊದಲ ಚಿತ್ರದ ಸಂಕೋಚ ಆ ಮುಖದಲ್ಲಿ ಕಾಣುವುದಿಲ್ಲ. ವಿಮರ್ಶಕರು ಏನೇ ಅನ್ನಲಿ, ಅಕ್ಕನೂ ನಾನೂ ಇದನ್ನು ಮೂರು ಸಲ ನೋಡಿದೆವು.

ಆದರೆ ಆ ಹೊತ್ತಿಗೆ ಬೀಟಲ್ಸರ ಕಾಲ ಬಂದಿತ್ತು. 1960ರಲ್ಲಿ ಬಿಲ್ಲಿಗೆ ಹಿಮ್ಮೇಳ ಬೇಕೆಂದು ಪಾರ್ನ್ಸ್ ಲಿವರ್‌ಪೂಲಿನಲ್ಲಿ ಪರೀಕ್ಷೆ ನಡೆಸಿದಾಗ ಬಂದು ನುಡಿಸಿ, ಆ ಕೆಲಸ ಸಿಗದೆ ಹೋದ ಹುಡುಗರೇ ಅವರು! 1964ರ ಅವರ ಎ ಹಾರ್ಡ್ ಡೇಸ್ ನೈಟ್ ಚಿತ್ರದ ಚುರುಕಿನ ಮುಂದೆ ಹಿಂದಿನವೆಲ್ಲ ಮುದಿಯಾಗಿ ಕಂಡವು. 1966ರ ನಂತರ ಬಿಲ್ಲಿಯ ಹಾಡುಗಳು ಪಟ್ಟಿಯಿಂದ ಮರೆಯಾದವು. ದೇಹವೂ ಸೋತಿತು. 1970ರ ದಶಕದಲ್ಲಿ ಎರಡು ಬಾರಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ತೆರಿಗೆಯ ಬಾಕಿಯಿಂದ 1978ರಲ್ಲಿ ದಿವಾಳಿಯಾದನು. ವೇಲ್ಸಿನ ಹೊಲಮನೆಯಲ್ಲಿ ಪ್ರಾಣಿಗಳನ್ನು ಸಾಕಿಕೊಂಡು ಇದ್ದನು.

ನಡುವೆ 1973ರಲ್ಲಿ ದಟ್ಲ್ ಬಿ ದ ಡೇ ಎಂಬ ಚಿತ್ರ. 1950ರ ದಶಕದ ಕೊನೆಯ ದಿನಗಳನ್ನು ಮರುಕಳಿಸಿದ ಚಿತ್ರವಿದು. ಹಳೆಯ ಸಹಪಾಠಿ ರಿಂಗೋ ಸ್ಟಾರನೂ ಇದ್ದಾನೆ. ಬಿಲ್ಲಿಯದು ರಜಾ ಶಿಬಿರವೊಂದರಲ್ಲಿ ಹಾಡುವ ಸ್ಟಾರ್ಮಿ ಟೆಂಪೆಸ್ಟ್ ಎಂಬುವನ ಪಾತ್ರ. ಬಿರುಗಾಳಿ ಚಂಡಮಾರುತನೆಂದೇ ಹೆಸರಿನ ಅರ್ಥ. ಪಾರ್ನ್ಸ್ ಇಡುತ್ತಿದ್ದ ಹೆಸರುಗಳ ಅಣಕ. ಮೂವತ್ತು ದಾಟಿದ ರೋಗಿ, ಹದಿನೆಂಟರ ತನ್ನನ್ನೇ ನೆನಪು ಮಾಡಿಕೊಂಡು ಕುಣಿಯುತ್ತಾನೆ. ಎಲ್ಲಿಯೂ ಏದುಸಿರಿಲ್ಲ. ಎದೆಯೊಳಗಿನ ಕಥೆ ತಿಳಿಯದವರಿಗೆ ಅದು ಮೋಜಿನ ದೃಶ್ಯ.

1982ರಲ್ಲಿ ಜಪಾನಿನ ಇನೂಯೆ ಎಂಬ ವೈದ್ಯರು, ಎದೆಯನ್ನು ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕ ಪುಟ್ಟ ಬಲೂನೊಂದನ್ನು ಹೃದಯಕ್ಕೆ ಕಳುಹಿಸಿ, ಬಿಗಿದುಕೊಂಡ ಕವಾಟವನ್ನು ಹಿಗ್ಗಿಸುವ ಚಿಕಿತ್ಸೆಯನ್ನು ಮೊದಲಬಾರಿ ಮಾಡಿದರು. ನನ್ನ ಅಕ್ಕನಿಗೆ ಮಾಡಿದ್ದು ಅದನ್ನೇ. ಅದೇ ವರ್ಷ ಬಿಲ್ಲಿ ತನ್ನ ಹೊಲಮನೆಯಲ್ಲಿ ಕುಸಿದುಬಿದ್ದಿದ್ದನು. ಚೇತರಿಸಿಕೊಂಡು ಮತ್ತೆ ಹಾಡತೊಡಗಿದ್ದನು. 1983ರ ಜನವರಿ 28ರಂದು ಲಂಡನ್ನಿನಲ್ಲಿ ತೀರಿಕೊಂಡನು. ವಯಸ್ಸು ನಲವತ್ತೆರಡು. ಇಪ್ಪತ್ತು ವರ್ಷಗಳ ಬಳಿಕ, 2003ರಲ್ಲಿ, ಲಿವರ್‌ಪೂಲಿನಲ್ಲಿ ಆತನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು.

ಚಿಕಿತ್ಸೆಯ ಹಿಂದಿನ ರಾತ್ರಿ ಅಕ್ಕ, ಈತ ಈಗ ಎಲ್ಲಿದ್ದಾನೆಂದು ಕೇಳಿದಳು. ವೇಲ್ಸಿನಲ್ಲಿ ಹಕ್ಕಿಗಳನ್ನೂ ಕುದುರೆಗಳನ್ನೂ ಸಾಕಿಕೊಂಡು ಸುಖವಾಗಿದ್ದಾನೆಂದು ಹೇಳಿದೆ. ಮುಖ ನೋಡಿ ಸುಳ್ಳು ಹೇಳಲಾರದೆ ಫೋನನ್ನು ಒರೆಸುತ್ತ ಕುಳಿತೆ. ಅವಳು ಹೌದೆ ಎಂದು ಮಗ್ಗುಲಾದಳು.

ಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರು ವಾರಕ್ಕೊಮ್ಮೆ ಸೂಜಿಯಂತೂ ಇದ್ದೇ ಇದೆ. ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಮತ್ತೆ ಕುದುರೆಯ ಚಿತ್ರವನ್ನೇ ಹಾಕೆಂದಳು. ಕುಣಿಗಲ್ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತ, ಆ ಹುಡುಗನ ಕಥೆಯನ್ನೆಲ್ಲ ತಾನು ಎರಡನೆಯ ರಾತ್ರಿಯೇ ಓದಿದ್ದೆನೆಂದೂ, ನಾನು ಹೆದರಿಕೊಂಡೇನೆಂದು ಹೇಳಲಿಲ್ಲವೆಂದೂ ಹೇಳಿದಳು.